ಸೇನಾ ಇಲಾಖೆಯ ಪರಿಸರ ವಿಭಾಗ ನಿಮ್ಮ ಕೈಗೆ ಬಂತಾ? ಮೊದಲು ಇಷ್ಟು ಮಾಡಿ

ಹೊಸ ಹುದ್ದೆಗೆ ಬಂದ ವಾರದಲ್ಲೇ ಯಾರಾದರೊಬ್ಬರು ಕೇಳುತ್ತಾರೆ, "ಸಾರ್, ಈ ವರ್ಷ ಎಷ್ಟು ಗಿಡ ನೆಡಿಸ್ತೀರಿ?" ಅಂತ. ನಕ್ಕು ಸುಮ್ಮನಾಗಿ. ಗಿಡ ನೆಡುವುದು ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಹುದ್ದೆಯ ತಲೆನೋವೆಲ್ಲ ಇರುವುದು ನೆಲದ ಕೆಳಗೆ. ಮೂವತ್ತು ವರ್ಷದ ಹಿಂದೆ ಯಾರೋ ಮಣ್ಣಿಗೆ ಸುರಿದ ಥಿನ್ನರ್, ತುಕ್ಕು ಹಿಡಿದ ಇಂಧನದ ಟ್ಯಾಂಕು, ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಒಂದು ಚರಂಡಿ.

ಸೇನಾ ನೆಲೆ ಅಂದರೆ ಒಂದು ಊರೇ. ಮನೆ, ಆಸ್ಪತ್ರೆ, ಗ್ಯಾರೇಜು, ಪೇಂಟ್ ಶಾಪು, ಇಂಧನದ ಡಿಪೋ, ಕೆಲವು ಕಡೆ ವಿಮಾನದ ರನ್‌ವೇ, ಜೊತೆಗೆ ಬೇರೆ ಯಾವ ಊರಲ್ಲೂ ಇಲ್ಲದ ಫೈರಿಂಗ್ ರೇಂಜು. ಇಷ್ಟೆಲ್ಲದರಿಂದ ಹೊರಬರುವ ಕೊಳಕು ಕುಡಿಯುವ ನೀರಿಗೆ ಸೇರದ ಹಾಗೆ, ತರಬೇತಿಯೂ ನಿಲ್ಲದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಎರಡೂ ಒಟ್ಟಿಗೆ. ಒಂದನ್ನು ಬಿಟ್ಟರೆ ಇನ್ನೊಂದೂ ಕೈತಪ್ಪುತ್ತದೆ, ಅದಕ್ಕೆ ಉದಾಹರಣೆಗಳು ಕೆಳಗೆ ಬರುತ್ತವೆ.

ಮೊದಲ ಹೆಜ್ಜೆ: ಕಾನೂನು ನಿಮಗೂ ಅನ್ವಯಿಸುತ್ತದೆ ಅಂತ ಒಪ್ಪಿಕೊಳ್ಳಿ

"ನಾವು ಸೇನೆ, ಆ ಕಾನೂನೆಲ್ಲ ಕಾರ್ಖಾನೆಗಳಿಗೆ" ಎನ್ನುವ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅಮೆರಿಕದಲ್ಲಿ ಆಯುಧ ಪರೀಕ್ಷಿಸುವ ಸೇನಾ ನೆಲೆಯಾದ ಅಬರ್ಡೀನ್ ಪ್ರೂವಿಂಗ್ ಗ್ರೌಂಡ್‌ನಲ್ಲಿ ರಾಸಾಯನಿಕ ಅಸ್ತ್ರಗಳ ಕೆಲಸ ನೋಡುತ್ತಿದ್ದ ಮೂವರು ಸಿವಿಲಿಯನ್ ಅಧಿಕಾರಿಗಳೂ ಇಂಥದ್ದೇ ವಾದ ಹೂಡಿದ್ದರು. ಅಪಾಯಕಾರಿ ತ್ಯಾಜ್ಯವನ್ನು ಹೇಗೆಂದರೆ ಹಾಗೆ ಇಟ್ಟಿದ್ದಕ್ಕೆ 1989ರಲ್ಲಿ ಅವರು ಅಪರಾಧಿಗಳೆಂದು ತೀರ್ಪಾಯಿತು. ಶಿಕ್ಷೆ ಬಿದ್ದಿದ್ದು ಇಲಾಖೆಗಲ್ಲ, ಅವರಿಗೇ. ಸರ್ಕಾರಿ ನೌಕರರು ಎಂಬ ರಕ್ಷಣೆಯನ್ನು 1990ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಒಪ್ಪಲಿಲ್ಲ. ಇನ್ನೆರಡು ವರ್ಷಕ್ಕೆ, 1992ರಲ್ಲಿ, ಸರ್ಕಾರಿ ನೆಲೆಗಳಿಗೂ ದಂಡ ಹಾಕಬಹುದು ಎಂದು ಅಲ್ಲಿ ಕಾನೂನೇ ಬಂತು.

ಯುದ್ಧಕಾಲಕ್ಕೆ, ರಾಷ್ಟ್ರೀಯ ಭದ್ರತೆಗೆ ವಿನಾಯಿತಿಗಳು ಇರಬಹುದು. ಇದ್ದರೂ ಅವು ಬಹಳ ಚಿಕ್ಕವು, ಬರವಣಿಗೆಯಲ್ಲಿ ಇರುವಂಥವು. ಹಾಗಾಗಿ ಕಾನೂನು ಅಧಿಕಾರಿಯನ್ನು ಕೂರಿಸಿಕೊಂಡು ಒಂದು ಪಟ್ಟಿ ಮಾಡಿ. ಯಾವ ಕಾನೂನು, ಯಾವ ಪರವಾನಗಿ, ಯಾವಾಗ ಮುಗಿಯುತ್ತದೆ, ಸಹಿ ಯಾರದು, ವರದಿ ಯಾರಿಗೆ. ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ಆ ಕಾಗದ ತೋರಿಸಿ ಅನ್ನಿ. ಕಾಗದ ಇಲ್ಲದಿದ್ದರೆ ವಿನಾಯಿತಿಯೂ ಇಲ್ಲ ಅಂತಲೇ ಲೆಕ್ಕ.

ಎರಡನೆಯದು: ನಡೆಯಿರಿ

ಮೊದಲ ತಿಂಗಳು ಆಫೀಸಿನಲ್ಲಿ ಕೂರಬೇಡಿ. ಬೂಟು ಹಾಕಿಕೊಂಡು ನೆಲೆಯ ಪ್ರತಿ ಮೂಲೆ ತಿರುಗಿ. ಕೈಯಲ್ಲಿ ಒಂದು ನಕ್ಷೆ ಇರಲಿ. ಟ್ಯಾಂಕು, ಬೋರ್‌ವೆಲ್, ಚರಂಡಿ, ಡ್ರಮ್ಮು ಇಟ್ಟ ಜಾಗ, ಹಳೇ ಕಸದ ಗುಂಡಿ, ಬೆಂಕಿ ಆರಿಸುವ ಅಭ್ಯಾಸ ಮಾಡುತ್ತಿದ್ದ ಬಯಲು, ಎಲ್ಲ ಗುರುತು ಹಾಕಿ. ಹಳೆಯ ವೈಮಾನಿಕ ಫೋಟೋ ಸಿಕ್ಕರೆ ಬಿಡಬೇಡಿ. ಇವತ್ತು ಮಕ್ಕಳು ಆಡುವ ಮೈದಾನ ನಲವತ್ತು ವರ್ಷದ ಹಿಂದೆ ಏನಾಗಿತ್ತು ಎಂದು ಅದು ಹೇಳುತ್ತದೆ.

ಅದಕ್ಕಿಂತ ಒಳ್ಳೆಯ ದಾಖಲೆ ಅಂದರೆ ನಿವೃತ್ತರಾದ ಸ್ಟೋರ್‌ಕೀಪರು, ಪ್ಲಂಬರು, ಡ್ರೈವರು. ಕಾಫಿಗೆ ಕರೆಯಿರಿ. "ಹಳೇ ಎಣ್ಣೆ ಎಲ್ಲಿ ಸುರೀತಿದ್ರಿ?" ಅಂತ ನೇರವಾಗಿ ಕೇಳಿ, ಯಾರನ್ನೂ ಹಿಡಿಯಲು ಕೇಳುತ್ತಿಲ್ಲ ಎಂದೂ ಹೇಳಿ. ಆಗಿನ ಕಾಲಕ್ಕೆ ಅದು ತಪ್ಪು ಅಂತ ಯಾರಿಗೂ ಅನ್ನಿಸಿರಲಿಲ್ಲ, ಮನಸ್ಸು ಬಿಚ್ಚಿ ಹೇಳುತ್ತಾರೆ.

ನಕ್ಷೆಯನ್ನು ಕಾಂಪೌಂಡಿಗೆ ನಿಲ್ಲಿಸಬೇಡಿ. ಅಮೆರಿಕದ ನಾರ್ತ್ ಕೆರೊಲೈನಾದಲ್ಲಿರುವ ಸೇನಾ ನೆಲೆ ಕ್ಯಾಂಪ್ ಲಜೂನ್‌ನಲ್ಲಿ 1953ರಿಂದ 1987ರವರೆಗೆ ಸೈನಿಕರೂ ಅವರ ಹೆಂಡತಿ ಮಕ್ಕಳೂ ವಿಷ ಬೆರೆತ ನೀರು ಕುಡಿದರು. ಒಂದು ಕಡೆಯ ಮನೆಗಳ ನೀರು ಕೆಟ್ಟಿದ್ದು ನೆಲೆಯ ಹೊರಗಿದ್ದ ಒಂದು ಡ್ರೈಕ್ಲೀನಿಂಗ್ ಅಂಗಡಿಯಿಂದ. ಇನ್ನೊಂದು ಕಡೆ ಕೆಟ್ಟಿದ್ದು ನೆಲೆಯೊಳಗೇ ಸೋರಿದ ಇಂಧನ ಮತ್ತು ಗ್ರೀಸ್ ತೊಳೆಯುವ ದ್ರಾವಣಗಳಿಂದ. ನೀರಿನಲ್ಲಿ ಕೊಳಕಿದೆ ಎಂದು 1982ರ ಹೊತ್ತಿಗೇ ಪರೀಕ್ಷೆಯಲ್ಲಿ ಕಂಡಿತ್ತು. ತೀರಾ ಕೆಟ್ಟ ಬಾವಿಗಳನ್ನು ಮುಚ್ಚಿದ್ದು 1984 ಮತ್ತು 1985ರಲ್ಲಿ. ಆ ನಡುವಿನ ಎರಡು ಮೂರು ವರ್ಷಕ್ಕೆ ಏನು ಉತ್ತರ ಕೊಡುತ್ತೀರಿ? ಲ್ಯಾಬಿನ ವರದಿ ಯಾರ ಮೇಜಿನ ಮೇಲೂ ಮಲಗದಂತೆ ನೋಡಿಕೊಳ್ಳುವುದು ಈ ಹುದ್ದೆಯ ಅರ್ಧ ಕೆಲಸ ಅಂತ ನಾನು ಹೇಳುವುದು ಇದಕ್ಕೇ.

ಒಂದು ಸಣ್ಣ ತಾಂತ್ರಿಕ ವಿಷಯ, ನೆನಪಿರಲಿ. ಪೆಟ್ರೋಲು, ಡೀಸೆಲ್ಲು ಅಂತರ್ಜಲದ ಮೇಲೆ ತೇಲುತ್ತವೆ. ಗ್ರೀಸ್ ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ, ಕೆಳಗೆ ಇಳಿದು ಬಂಡೆಯ ಸಂದಿಯಲ್ಲಿ ಕೂತು ವರ್ಷಗಟ್ಟಲೆ ನಿಧಾನಕ್ಕೆ ಕರಗುತ್ತಲೇ ಇರುತ್ತದೆ. ಮೇಲಿನ ನೀರು ಮಾತ್ರ ಎತ್ತಿ ಪರೀಕ್ಷೆ ಮಾಡಿಸಿ "ಏನೂ ಇಲ್ಲ" ಅಂತ ಬರೆದರೆ ನಿಮ್ಮನ್ನೇ ನೀವು ಮೋಸ ಮಾಡಿಕೊಂಡಂತೆ.

ಮೂರನೆಯದು: ಯಾವುದು ಮೊದಲು?

ತಿರುಗಾಟ ಮುಗಿದ ಮೇಲೆ ಪಟ್ಟಿಯಲ್ಲಿ ನೂರಾರು ತಾಪತ್ರಯಗಳು ಇರುತ್ತವೆ. ಎಲ್ಲಕ್ಕೂ ದುಡ್ಡು ಸಿಗುವುದಿಲ್ಲ. ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ. ವಿಷ ಇದೆಯಾ? ಅದು ಹರಿದು ಹೋಗುವ ದಾರಿ ಇದೆಯಾ? ದಾರಿಯ ಕೊನೆಗೆ ಅದನ್ನು ಕುಡಿಯುವವರು, ಉಸಿರಾಡುವವರು ಇದ್ದಾರಾ? ಮೂರಕ್ಕೂ ಹೌದು ಬಂದರೆ ಅದು ಪಟ್ಟಿಯ ತಲೆಗೆ. ನೋಡಲು ಅಸಹ್ಯವಾಗಿರುವ ಗುಜರಿ ರಾಶಿ ಕೆಳಗೆ ಹೋಗಬಹುದು, ಏನೂ ಕಾಣದ ಹುಲ್ಲುಗಾವಲು ಮೇಲೆ ಬರಬಹುದು. ಇನ್ಸ್‌ಪೆಕ್ಷನ್‌ಗೆ ದೊಡ್ಡವರು ಬರುತ್ತಾರೆಂದು ಗುಜರಿಯನ್ನೇ ಮೊದಲು ಎತ್ತಿಸಿ ಅನ್ನುವ ಒತ್ತಡ ಬರುತ್ತದೆ. ಬೇಕಾದರೆ ಎತ್ತಿಸಿ, ಆದರೆ ಪರಿಸರದ ಬಜೆಟ್ಟಿನಿಂದ ಬೇಡ.

ನಾಲ್ಕನೆಯದು: ಸ್ಟೋರಿನ ಬಾಗಿಲಲ್ಲೇ ತಡೆಯಿರಿ

ಹಳೇ ಕೊಳಕು ತೆಗೆಯುವುದಕ್ಕೆ ದಶಕಗಳು ಬೇಕು. ಹೊಸದು ಹುಟ್ಟದಂತೆ ತಡೆಯುವುದನ್ನು ಮಾತ್ರ ಈ ವಾರವೇ ಶುರು ಮಾಡಬಹುದು, ಖರ್ಚೂ ಕಡಿಮೆ.

ಅಪಾಯಕಾರಿ ತ್ಯಾಜ್ಯ ಅಂತ ದುಡ್ಡು ಕೊಟ್ಟು ವಿಲೇವಾರಿ ಮಾಡುವ ಡಬ್ಬಗಳನ್ನು ಒಮ್ಮೆ ತೆರೆದು ನೋಡಿ. ಎಷ್ಟೋ ಡಬ್ಬಗಳ ಸೀಲೇ ಒಡೆದಿರುವುದಿಲ್ಲ. ಪ್ರತಿ ಘಟಕವೂ "ಇರಲಿ" ಅಂತ ಜಾಸ್ತಿ ತರಿಸಿಕೊಳ್ಳುತ್ತದೆ, ಅವಧಿ ಮುಗಿಯುತ್ತದೆ, ಕಸವಾಗುತ್ತದೆ. ಇದಕ್ಕೆ ಔಷಧಿ ಅಂಗಡಿಯ ಪದ್ಧತಿ ಚೆನ್ನಾಗಿ ಕೆಲಸ ಮಾಡುತ್ತದೆ. ಪೇಂಟು, ಅಂಟು, ಥಿನ್ನರ್ ಎಲ್ಲ ಒಂದೇ ಕಡೆ ಇರಬೇಕು. ಇವತ್ತಿನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೊಡುವುದು, ಉಳಿದದ್ದು ಸಂಜೆ ವಾಪಸ್. ಒಂದು ಘಟಕದಲ್ಲಿ ಉಳಿದದ್ದು ಇನ್ನೊಂದಕ್ಕೆ. ಮೊದಲ ಮೂರು ತಿಂಗಳು ಎಲ್ಲರೂ ಬೈಯುತ್ತಾರೆ. ಆಮೇಲೆ ತಮ್ಮ ಕಪಾಟು ಖಾಲಿಯಾಯಿತು, ಲೆಕ್ಕ ಇಡುವ ಕಾಟ ತಪ್ಪಿತು ಅಂತ ಅವರೇ ಹೊಗಳುತ್ತಾರೆ.

ಡ್ರಮ್ಮುಗಳ ವಿಷಯಕ್ಕೆ ಬಂದರೆ, ಮುಚ್ಚಳ ಮುಚ್ಚಿರಬೇಕು, ಒಳಗೆ ಏನಿದೆ ಮತ್ತು ಯಾವತ್ತು ತುಂಬಲು ಶುರು ಮಾಡಿದ್ದು ಎಂಬ ಚೀಟಿ ಇರಬೇಕು, ಆಮ್ಲವೂ ಕ್ಷಾರವೂ ಅಕ್ಕಪಕ್ಕ ಕೂರಬಾರದು. ಕೆಳಗೆ ಕಟ್ಟೆ ಅಥವಾ ತೊಟ್ಟಿ ಇರಬೇಕು. ಅಲ್ಲಿರುವ ಅತಿ ದೊಡ್ಡ ಟ್ಯಾಂಕು ಪೂರ್ತಿ ಸೋರಿದರೂ ಹಿಡಿದು, ಮೇಲೆ ಸ್ವಲ್ಪ ಜಾಗ ಉಳಿಯಬೇಕು. ಆ ಟ್ಯಾಂಕಿನ 110 ಪ್ರತಿಶತ ಎನ್ನುವುದು ಬಹಳ ಕಡೆ ರೂಢಿಯಲ್ಲಿರುವ ಲೆಕ್ಕ. ಕಟ್ಟೆಯ ಮಳೆನೀರು ಬಿಡುವ ವಾಲ್ವ್ ಸದಾ ಮುಚ್ಚಿ ಬೀಗ ಹಾಕಿರಲಿ. ಕಟ್ಟೆ ಕಟ್ಟಿಸಿ ವಾಲ್ವ್ ತೆರೆದೇ ಬಿಟ್ಟಿರುವುದನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು, ವಾಹನ ತೊಳೆಯುವ ಜಾಗ. ಅಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿ ಇರುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ನೀರು ಕೆಳಗಿನಿಂದ ಹೋಗುತ್ತದೆ. ಸರಳ. ಆದರೆ ಹುಡುಗರು ಜಾಸ್ತಿ ನೊರೆ ಬರುವ ಸೋಪು ಹಾಕಿ ಉಜ್ಜಿದರೆ ಎಣ್ಣೆ ನೀರಿನಲ್ಲಿ ಬೆರೆತು ಹಾಲಿನ ಹಾಗೆ ಆಗುತ್ತದೆ, ತೇಲುವುದೇ ಇಲ್ಲ, ಸೀದಾ ಚರಂಡಿಗೆ. ತೊಟ್ಟಿಗೆ ಲಕ್ಷಗಟ್ಟಲೆ ಸುರಿದು ಸೋಪಿನಲ್ಲಿ ಸೋಲುತ್ತೇವೆ. ಸೋಪು ಬದಲಿಸಿ, ಇಲ್ಲವೇ ಬರೀ ಬಿಸಿನೀರಿನ ಒತ್ತಡದಲ್ಲಿ ತೊಳೆಸಿ. ತೊಟ್ಟಿಯ ಕೆಸರನ್ನು ಯಾರು, ಯಾವಾಗ ತೆಗೆಯುತ್ತಾರೆ ಎಂದೂ ಕೇಳಿ. ಉತ್ತರ ಬರುವುದಿಲ್ಲ, ನೋಡಿ.

ಬೆಂಕಿ ಆರಿಸುವ ನೊರೆ

ಇದಕ್ಕೆ ಪ್ರತ್ಯೇಕ ಹೆಜ್ಜೆಯೇ ಬೇಕು. 1967ರಲ್ಲಿ ಅಮೆರಿಕದ ಫಾರೆಸ್ಟಲ್ ವಿಮಾನವಾಹಕ ನೌಕೆಯಲ್ಲಿ ಬೆಂಕಿ ಬಿದ್ದು 134 ಮಂದಿ ಸತ್ತರು. ಇಂಧನದ ಬೆಂಕಿಯನ್ನು ಕ್ಷಣದಲ್ಲಿ ಆರಿಸುವ ಫ್ಲೋರಿನ್ ನೊರೆ ಅಲ್ಲಿಂದ ಮುಂದೆ ಸೇನೆಗಳಲ್ಲಿ ಹಬ್ಬಿತು. ಒಳ್ಳೆಯ ನೊರೆ, ಅದರಲ್ಲಿ ಎರಡು ಮಾತಿಲ್ಲ, ಎಷ್ಟೋ ಜೀವ ಉಳಿಸಿದೆ. ತೊಂದರೆ ಏನೆಂದರೆ ಅದರಲ್ಲಿರುವ ಪಿಫಾಸ್ (PFAS) ಎಂಬ ಗುಂಪಿನ ಫ್ಲೋರಿನ್ ರಾಸಾಯನಿಕಗಳು ಪ್ರಕೃತಿಯಲ್ಲಿ ಒಡೆಯುವುದೇ ಇಲ್ಲ ಅನ್ನಬಹುದು. ದಶಕಗಳ ಕಾಲ ಅಭ್ಯಾಸಕ್ಕೆ ಅಂತ ವಾರ ವಾರ ಬಯಲಲ್ಲಿ ಸುರಿದದ್ದು ಈಗ ಬಾವಿಗಳಲ್ಲಿದೆ. 2024ರಲ್ಲಿ ಅಮೆರಿಕ ಕುಡಿಯುವ ನೀರಿಗೆ ಹಾಕಿದ ಮಿತಿ ಕೇಳಿ: ಈ ಗುಂಪಿನ ಎರಡು ಮುಖ್ಯ ರಾಸಾಯನಿಕಗಳಿಗೆ ಒಂದು ಲಕ್ಷ ಕೋಟಿ ಭಾಗದಲ್ಲಿ 4 ಭಾಗ. ಇಷ್ಟು ಸಣ್ಣ ಸಂಖ್ಯೆ ಇರುವಾಗ ಒಂದು ಬಕೆಟ್ ಚೆಲ್ಲಿದರೂ ದೊಡ್ಡ ವಿಷಯವೇ.

ಏನು ಮಾಡಬೇಕು? ಅಭ್ಯಾಸಕ್ಕೆ ಈ ನೊರೆ ಬಳಸುವುದನ್ನು ಇವತ್ತೇ ನಿಲ್ಲಿಸಿ. ನಾಜಲ್ ಪರೀಕ್ಷೆಯನ್ನು ಮುಚ್ಚಿದ ತೊಟ್ಟಿಯೊಳಗೆ ಮಾಡಿಸಿ. ಫ್ಲೋರಿನ್ ಇಲ್ಲದ ನೊರೆಗೆ ಬದಲಾಯಿಸಿಕೊಳ್ಳಿ, ಅಮೆರಿಕದ ಸೇನೆಯೇ 2023ರ ಜನವರಿಯಲ್ಲಿ ಅದಕ್ಕೆ ಗುಣಮಟ್ಟದ ನಿಯಮ ಹೊರಡಿಸಿದೆ. ಬದಲಾಯಿಸುವಾಗ ಹಳೇ ನೊರೆ ಟ್ರಕ್ಕಿನ ಟ್ಯಾಂಕಿನ ಗೋಡೆಗೆ, ಪೈಪಿಗೆ ಅಂಟಿಕೊಂಡಿರುತ್ತದೆ. ಸರಿಯಾಗಿ ತೊಳೆಯದೆ ಹೊಸದು ತುಂಬಿದರೆ ಅದೂ ಕೆಟ್ಟಂತೆ. ತೊಳೆದ ನೀರನ್ನೂ ಹಿಡಿದಿಡಬೇಕು. ಮತ್ತೆ, ಹೊಸ ನೊರೆಯನ್ನು ಹಾಕುವ ರೀತಿ ಬೇರೆ, ಫೈರ್ ಸಿಬ್ಬಂದಿಗೆ ತರಬೇತಿ ಕೊಡಿಸದೆ ಡಬ್ಬ ಮಾತ್ರ ಬದಲಿಸಬೇಡಿ, ಜೀವದ ಪ್ರಶ್ನೆ.

ಫೈರಿಂಗ್ ರೇಂಜು

ಅಮೆರಿಕದ ಮಸಾಚುಸೆಟ್ಸಿನ ಕ್ಯಾಂಪ್ ಎಡ್ವರ್ಡ್ಸ್ ಎಂಬ ಸೇನಾ ತರಬೇತಿ ನೆಲೆ ಇರುವುದು ಕೇಪ್ ಕಾಡ್‌ನ ಜನ ಕುಡಿಯುವ ಅಂತರ್ಜಲದ ಮೇಲೆ. ಮಣ್ಣು ಮರಳು ಮರಳು. ಗುಂಡಿನ ಮದ್ದಿನಲ್ಲಿರುವ ಆರ್‌ಡಿಎಕ್ಸ್ ಅಲ್ಲಿ ನೀರಿಗಿಳಿಯಿತು. 1997ರಲ್ಲಿ ಪರಿಸರ ಸಂಸ್ಥೆಯ ಆದೇಶ ಬಂದು ಫಿರಂಗಿ, ಮಾರ್ಟರ್ ಅಭ್ಯಾಸ ನಿಂತೇಹೋಯಿತು. ತರಬೇತಿಯೂ ಹೋಯಿತು, ನೀರೂ ಕೆಟ್ಟಿತು ಅಂದೆನಲ್ಲ, ಇದೇ.

ಮದ್ದುಗಳೆಲ್ಲ ಒಂದೇ ಥರ ಅಲ್ಲ. ಟಿಎನ್‌ಟಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ಆರ್‌ಡಿಎಕ್ಸ್ ನೀರಿನ ಜೊತೆ ಓಡುತ್ತದೆ. ಗುಂಡು ಪೂರ್ತಿ ಸಿಡಿದರೆ ಉಳಿಯುವ ಮದ್ದು ಅತ್ಯಲ್ಪ, ಅರ್ಧಂಬರ್ಧ ಸಿಡಿದರೆ ಬಹಳ. ಹಾಗಾಗಿ ಎಷ್ಟು ಗುಂಡು ಹಾರಿತು ಎನ್ನುವುದಕ್ಕಿಂತ ಎಷ್ಟು ಸರಿಯಾಗಿ ಸಿಡಿಯಲಿಲ್ಲ ಎನ್ನುವ ಲೆಕ್ಕ ನಿಮಗೆ ಬೇಕು. ರೇಂಜ್ ಆಫೀಸರಿಗೆ ಆ ಲೆಕ್ಕ ಬೇರೆ ಕಾರಣಕ್ಕೆ ಬೇಕೇ ಬೇಕು, ಕೇಳಿದರೆ ಕೊಡುತ್ತಾರೆ.

ಸಣ್ಣ ಆಯುಧಗಳ ರೇಂಜಿನಲ್ಲಿ ತೊಂದರೆ ಸೀಸದ್ದು. ಮಣ್ಣು ಹುಳಿಯಾಗಿದ್ದರೆ ಸೀಸ ಕರಗಿ ಹೊರಡುತ್ತದೆ, ಸುಣ್ಣ ಹಾಕಿ ಸರಿಪಡಿಸಬಹುದು. ಗುಂಡು ತಡೆಯುವ ದಿಬ್ಬದ ಮೇಲೆ ಹುಲ್ಲು ಬೆಳೆಸಿ, ಮಳೆನೀರು ದಿಬ್ಬ ಕೊರೆಯದಂತೆ ಕಾಲುವೆ ತಿರುಗಿಸಿ. ಆಗಾಗ ಮಣ್ಣು ಜರಡಿ ಹಿಡಿದು ಸೀಸ ತೆಗೆದರೆ ಗುಜರಿಗೆ ದುಡ್ಡೂ ಬರುತ್ತದೆ.

ಸಿಡಿಯದ ಗುಂಡು ಇರಬಹುದಾದ ಜಾಗಕ್ಕೆ ಮಾತ್ರ ಬಾಂಬ್ ನಿಷ್ಕ್ರಿಯ ತಂಡ ಮುಂದೆ ನಡೆಯದೆ ನಿಮ್ಮ ಒಬ್ಬ ಹುಡುಗನನ್ನೂ ಕಳಿಸಬೇಡಿ. ಮಣ್ಣಿನ ಸ್ಯಾಂಪಲ್ಲು ಒಂದು ವಾರ ತಡವಾಗಲಿ, ಪರವಾಗಿಲ್ಲ.

ಹಕ್ಕಿ, ಕಾಡು

ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಸೈನಿಕರಿಗೂ ವನ್ಯಜೀವಿ ತಜ್ಞರಿಗೂ ನಡುವೆ ಸಾಮಾನ್ಯವಾಗಿ ಅದೇ ಕಥೆ. ಅಮೆರಿಕದ ಸೇನಾ ನೆಲೆಯಾದ ಫೋರ್ಟ್ ಬ್ರ್ಯಾಗ್‌ನಲ್ಲಿ ರೆಡ್ ಕಾಕೇಡೆಡ್ ಎಂಬ ಮರಕುಟಿಗ ಇದೆ, ಹಳೆಯ ಜೀವಂತ ಪೈನ್ ಮರಗಳಲ್ಲೇ ಗೂಡು ಕೊರೆಯುತ್ತದೆ. 1990ರಲ್ಲಿ ಅದರ ರಕ್ಷಣೆಗೆಂದು ತರಬೇತಿಗೆ ಕಟ್ಟುನಿಟ್ಟು ಬಂತು. ಸೈನಿಕರಿಗೆ ಕೋಪ. ತಮಾಷೆ ಅಂದರೆ ಆ ಹಕ್ಕಿ ಅಲ್ಲಿ ಉಳಿದಿದ್ದೇ ನೆಲೆ ಇದ್ದಿದ್ದರಿಂದ. ಹೊರಗಿನ ಕಾಡೆಲ್ಲ ಕಡಿದುಹೋಗಿತ್ತು, ಒಳಗೆ ಗುಂಡಿನ ಅಭ್ಯಾಸದಿಂದ ಹತ್ತುವ ಬೆಂಕಿ ಪೊದೆ ಸುಟ್ಟು ಪೈನ್ ಕಾಡನ್ನು ತೆರೆದಿಟ್ಟಿತ್ತು. 1995ರಿಂದ ಸೇನೆ ಸಂರಕ್ಷಣಾ ಸಂಸ್ಥೆಗಳ ಜೊತೆ ಸೇರಿ ನೆಲೆಯ ಸುತ್ತಲಿನ ಖಾಸಗಿ ಜಮೀನಿನಲ್ಲೂ ಕಾಡು ಉಳಿಸಲು ಹಣ ಹಾಕಿತು. 2006ರ ಹೊತ್ತಿಗೆ ಹಕ್ಕಿಗಳ ಸಂಖ್ಯೆ ಗುರಿ ಮುಟ್ಟಿತು, ಕಟ್ಟುನಿಟ್ಟು ಸಡಿಲವಾಯಿತು. ಬೇಲಿಯ ಹೊರಗೆ ಕಾಡು ಉಳಿದರೆ ಶಬ್ದದ ದೂರು ಕೊಡುವ ಬಡಾವಣೆಯೂ ಅಲ್ಲಿ ಏಳುವುದಿಲ್ಲ, ಈ ಲಾಭ ಕಮಾಂಡರಿಗೆ ಹೇಳಿ ನೋಡಿ.

ಕಮಾಂಡರ ಜೊತೆ ಮಾತು

ನಿಮಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ. ಕಮಾಂಡರು ಒಪ್ಪಿದರೆ ಮಾತ್ರ ಕೆಲಸ. ಅವರ ಮುಂದೆ ಮೈಕ್ರೋಗ್ರಾಮಿನ ಲೆಕ್ಕ ಬಿಚ್ಚಬೇಡಿ. "ಇದನ್ನು ಈಗ ಸರಿ ಮಾಡದಿದ್ದರೆ ಮೂರನೇ ನಂಬರ್ ರೇಂಜು ಮುಚ್ಚಬೇಕಾಗಬಹುದು, ವರ್ಷಕ್ಕೆ ಇಷ್ಟು ದಿನದ ಅಭ್ಯಾಸ ಹೋಗುತ್ತದೆ" ಅನ್ನಿ. ಒಂದು ಪುಟ, ಎರಡು ಆಯ್ಕೆ, ನಿಮ್ಮ ಶಿಫಾರಸು. ಬಜೆಟ್ ಕೇಳುವಾಗಲೂ ಕಾನೂನಿಗೆ ಬೇಕೇ ಬೇಕಾದದ್ದು, ಮುಂದಿನ ಖರ್ಚು ತಪ್ಪಿಸುವುದು, ಸಾಧ್ಯವಾದರೆ ಒಳ್ಳೆಯದು ಎಂಬಂಥದ್ದು, ಈ ಮೂರನ್ನು ಬೇರೆ ಬೇರೆ ಇಡಿ. ಕಲಸಿಬಿಟ್ಟರೆ ಮೊದಲನೆಯದಕ್ಕೂ ಕತ್ತರಿ ಬೀಳುತ್ತದೆ.

ಹೊಸ ಕಟ್ಟಡ, ಹೊಸ ಆಯುಧ, ಹೊಸ ತರಬೇತಿ ಯಾವುದೇ ಬರಲಿ, ಯೋಜನೆಯ ಮೊದಲ ಮೀಟಿಂಗಿನಲ್ಲೇ ನಿಮಗೆ ಕುರ್ಚಿ ಬೇಕು. ಟೆಂಡರ್ ಆದ ಮೇಲೆ ನೀವು ಹೋಗಿ ಆಕ್ಷೇಪ ಎತ್ತಿದರೆ ಎಲ್ಲರಿಗೂ ನೀವೇ ವಿಲನ್. ಕಮಾಂಡರುಗಳು ಎರಡು ಮೂರು ವರ್ಷಕ್ಕೆ ವರ್ಗವಾಗುತ್ತಾರೆ. ಬಾಯಿಮಾತಿನ ಒಪ್ಪಿಗೆ ಅವರ ಜೊತೆಗೇ ಹೋಗುತ್ತದೆ. ಬರೆಸಿಕೊಳ್ಳಿ.

ಲೆಕ್ಕ ತಾಳೆಯಾಗುತ್ತಿದೆಯಾ?

1996ರಲ್ಲಿ ಮೊದಲು ಬಂದು 2015ರಲ್ಲಿ ಪರಿಷ್ಕರಣೆಯಾದ ಐಎಸ್‌ಒ 14001 ಎಂಬ ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಪದ್ಧತಿ ಹಿಡಿದರೆ ಆಡಿಟ್ಟಿಗೆ ಒಂದು ಚೌಕಟ್ಟು ಸಿಗುತ್ತದೆ. ಒಳ್ಳೆಯದೇ. ಆದರೆ ಗೋಡೆಯ ಮೇಲಿನ ಸರ್ಟಿಫಿಕೇಟು ಟ್ಯಾಂಕು ಸೋರುವುದನ್ನು ತಡೆಯುವುದಿಲ್ಲ. ನಿಮ್ಮವರೇ ನಿಮ್ಮ ಆಡಿಟ್ ಮಾಡಬಾರದು, ಬೇರೆ ನೆಲೆಯವರನ್ನು ಕರೆಸಿ.

ಹವಾಯಿಯಲ್ಲಿ ಅಮೆರಿಕದ ನೌಕಾಪಡೆ ನಡೆಸುತ್ತಿದ್ದ ರೆಡ್ ಹಿಲ್ ಇಂಧನ ಡಿಪೋದ ಕಥೆಯನ್ನು ನಿಮ್ಮ ಇಂಧನ ಡಿಪೋದವರಿಗೆಲ್ಲ ಹೇಳಿ. ಅಂತರ್ಜಲದಿಂದ ಸುಮಾರು 100 ಅಡಿ ಮೇಲೆ, ಗುಡ್ಡದೊಳಗೆ 20 ದೊಡ್ಡ ಟ್ಯಾಂಕುಗಳು, ಎರಡನೇ ಮಹಾಯುದ್ಧದ ಕಾಲದವು. 2021ರ ಮೇ ತಿಂಗಳಲ್ಲಿ ಪೈಪು ಒಡೆದು ವಿಮಾನದ ಇಂಧನ ಸುಮಾರು 20,000 ಗ್ಯಾಲನ್ ಹೊರಬಂತು. ಸೋರಿದ್ದು ಸ್ವಲ್ಪವೇ ಎಂದು ಆಗ ವರದಿಯಾಯಿತು. ಉಳಿದದ್ದೆಲ್ಲ ಬೆಂಕಿ ಆರಿಸುವ ವ್ಯವಸ್ಥೆಯ ಪೈಪಿನೊಳಗೆ ಹೋಗಿ ಕೂತಿತ್ತು. ನವೆಂಬರ್ 20ರಂದು ಒಂದು ಗಾಡಿ ಆ ಪೈಪಿಗೆ ತಗುಲಿತು. ಅಲ್ಲಿಂದ ಚಿಮ್ಮಿದ ಇಂಧನ ಕುಡಿಯುವ ನೀರಿನ ಬಾವಿಗೆ ಸೇರಿತು. ಆ ನೀರಿನ ಜಾಲದಲ್ಲಿ ಇದ್ದವರು ಸುಮಾರು 93,000 ಮಂದಿ. ಮರುವರ್ಷ ಮಾರ್ಚ್‌ನಲ್ಲಿ ಡಿಪೋ ಮುಚ್ಚಲು ಆದೇಶವೇ ಆಯಿತು. ಮೇ ತಿಂಗಳಲ್ಲೇ ಯಾರಾದರೂ "ಟ್ಯಾಂಕಿನ ಲೆಕ್ಕಕ್ಕೂ ಹೊರಗೆ ಹಿಡಿದದ್ದಕ್ಕೂ ತಾಳೆ ಆಗ್ತಿಲ್ವಲ್ಲ, ಉಳಿದದ್ದು ಎಲ್ಲಿ?" ಎಂದು ಪಟ್ಟು ಹಿಡಿದಿದ್ದರೆ ಆರು ತಿಂಗಳ ಸಮಯ ಇತ್ತು.

ಹಾಗಾಗಿ ಇಂಧನದ ದಿನದ ಲೆಕ್ಕವನ್ನು ಸ್ಟೋರಿನವರ ತಲೆನೋವು ಅಂತ ಬಿಡಬೇಡಿ, ನೀವೂ ನೋಡಿ. ಸೋರಿಕೆ ಹೇಳಿದವನಿಗೆ ಶಿಕ್ಷೆ ಇಲ್ಲ, ಮುಚ್ಚಿಟ್ಟವನಿಗೆ ಇದೆ ಎಂದು ಕಮಾಂಡರ ಸಹಿಯಲ್ಲೇ ಆದೇಶ ಹೊರಡಿಸಿ.

ಊರವರಿಗೆ ಹೇಳುವುದು

ರೆಡ್ ಹಿಲ್‌ನಲ್ಲಿ ನಲ್ಲಿ ನೀರಿಗೆ ಇಂಧನದ ವಾಸನೆ ಬರುತ್ತಿದೆ ಎಂದು ಜನ ಫೋನ್ ಮಾಡಿದಾಗ ನೀರು ಕೆಟ್ಟಿದೆ ಎನ್ನಲು ತಕ್ಷಣದ ಸೂಚನೆ ಇಲ್ಲ ಎಂಬ ಮಾತೇ ನೌಕಾಪಡೆಯಿಂದ ಮೊದಲು ಬಂತು. ಆಮೇಲೆ ಏನು ಹೇಳಿದರೂ ಜನ ನಂಬುವುದು ಕಷ್ಟ, ಅಲ್ವಾ? ವಾಸನೆಯ ದೂರು ಬಂದ ದಿನವೇ ಬೇರೆ ನೀರು ಕೊಡಿ, ವಾದ ಆಮೇಲೆ ಮಾಡೋಣ. ಇದಕ್ಕೆ ಒಂದು ಸಿದ್ಧತೆ ಬೇಕು. ಯಾವ ಮಾಹಿತಿ ರಹಸ್ಯ, ಯಾವುದು ಹೊರಗೆ ಕೊಡಬಹುದು ಎಂದು ಭದ್ರತಾ ಅಧಿಕಾರಿಯ ಜೊತೆ ಕೂತು ಮೊದಲೇ ಪಟ್ಟಿ ಮಾಡಿಸಿ. ಡಿಪೋದಲ್ಲಿ ಎಷ್ಟು ಮದ್ದುಗುಂಡು ಇದೆ ಎನ್ನುವುದು ರಹಸ್ಯ. ಪಕ್ಕದ ಊರಿನ ಬಾವಿಯ ನೀರಿನಲ್ಲಿ ಏನಿದೆ ಎನ್ನುವುದು ರಹಸ್ಯವಲ್ಲ.

ಇನ್ನು ಸೋಮವಾರದ ಕೆಲಸ. ಬಣ್ಣದ ಪುಡಿ ಒಂದು ಡಬ್ಬ ತರಿಸಿ, ಚರಂಡಿಯ ಜಾಡು ಹಿಡಿಯಲು ಮಾಡಿದ ವಿಷವಿಲ್ಲದ ಪುಡಿ ಸಿಗುತ್ತದೆ. ಕೊಳಚೆ ಘಟಕದವರಿಗೆ ಮೊದಲೇ ಒಂದು ಮಾತು ಹೇಳಿ. ಗ್ಯಾರೇಜಿನ ನೆಲದ ಚರಂಡಿಗೆ ನೀರಿನ ಜೊತೆ ಸುರಿಯಿರಿ, ಒಬ್ಬರನ್ನು ಕೊಳಚೆ ಘಟಕದ ಬಳಿ, ಇನ್ನೊಬ್ಬರನ್ನು ಮಳೆನೀರು ಹೊರಬೀಳುವ ಹಳ್ಳದ ಬಳಿ ನಿಲ್ಲಿಸಿ, ಬಣ್ಣ ಎಲ್ಲಿ ಬರುತ್ತದೆ ಎಂದು ಫೋನಿನಲ್ಲಿ ಕೇಳಿ. ಹಳ್ಳದ ಕಡೆಯವರು "ಬಂತು ಸಾರ್" ಅಂದರೆ ಆ ಚರಂಡಿಗೆ ಅವತ್ತೇ ಸಿಮೆಂಟು ಹಾಕಿಸಿ.